ಎಂಟು ಪಥ್ಯಕ್ಕೆ ಒಂದೇ ಸಾಸು: ಬೇಗಂ ಬಜಾರಿನ ಹುಣಸಮ್ಮನ ಸಂದರ್ಶನ

ಹೈದರಾಬಾದಿನ ಒಂದು ಅಪಾರ್ಟ್‌ಮೆಂಟಿನ ಕನ್ನಡಿಗರೆಲ್ಲ ಸೇರಿ ಮಹಡಿಯ ಮೇಲೆ ಬಾರ್ಬೆಕ್ಯೂ ಮಾಡುವುದೆಂದು ನಿಶ್ಚಯಿಸಿದರು. ಶ್ರಾವಣ ಬಂದರೆ ಕೋಳಿ ಸುಡುವಂತಿಲ್ಲ. ಹಾಗಾಗಿ ಆಷಾಢದ ಕೊನೆಯ ಭಾನುವಾರವೇ ಗೊತ್ತಾಯಿತು, ಮಳೆಗೆ ಟಾರ್ಪಾಲೂ ಬಂತು. ಏನನ್ನು ಸುಡಬೇಕೆಂಬುದಕ್ಕೆ ಜಗಳವಾಗಲಿಲ್ಲ: ಒಂದು ಒಲೆಯಲ್ಲಿ ಪನೀರು, ಮುಸುಕಿನ ಜೋಳ, ದೊಣ್ಣೆಮೆಣಸಿನಕಾಯಿ, ಇನ್ನೊಂದರಲ್ಲಿ ಕೋಳಿ. ಜಗಳ ಹತ್ತಿದ್ದು ಸಾಸಿಗೆ. ಅಂಗಡಿಯ ಬಾಟಲಿ ಬೇಡ, ಮನೆಯಲ್ಲೇ ಮಾಡೋಣ, ಎಲ್ಲರಿಗೂ ಹೊಂದುವಂಥದ್ದೇ ಮಾಡೋಣ ಎಂದು ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದರು. ಬೆಳಗಾಗುವಷ್ಟರಲ್ಲಿ ಪಟ್ಟಿ ಬೆಳೆದಿತ್ತು: ಸಕ್ಕರೆ ಕಾಯಿಲೆ, ಬಿ.ಪಿ., ಕಿಡ್ನಿ, ಗ್ಲುಟೆನ್, ಜೈನ, ಶಾಕವ್ರತ, ವೀಗನ್, ಕೀಟೊ.

ಆ ಪಟ್ಟಿ ಹಿಡಿದು ನಮ್ಮ ಪ್ರತಿನಿಧಿ ಬೇಗಂ ಬಜಾರಿಗೆ ಹೋದರು. ತಳ್ಳುಗಾಡಿಗಳ ನಡುವೆ ನುಸುಳಿ, ಹಮಾಲರ ಬೈಗುಳ ತಿಂದು, ಉಸ್ಮಾನ್‌ಗಂಜ್ ಕಡೆ ಹೊರಳುವ ಗಲ್ಲಿಯ ಸಗಟು ಅಂಗಡಿಯೊಂದರ ಮುಂದೆ ನಿಂತಾಗ, ಬಾಯಿ ಬಿಚ್ಚಿದ ಚೀಲದೊಳಗಿಂದ ಹಳೆಯ ಹುಣಸೆಹಣ್ಣಿನ ಮುದ್ದೆಯೊಂದು ಮಾತಿಗೆ ಸಿಕ್ಕಿತು. ಸಂದರ್ಶನದ ಆಯ್ದ ಭಾಗ ಇಲ್ಲಿದೆ.

ಪ್ರಶ್ನೆ: ನಮಸ್ಕಾರ ಹುಣಸಮ್ಮನವರೇ. ಮೊದಲು ನಿಮ್ಮ ಪರಿಚಯ ಹೇಳಿ.

ಹುಣಸಮ್ಮ: ಮಧುಗಿರಿ ಕಡೆ ಒಂದು ಹೊಲದ ಬದುವಿನ ಮರ ನಮ್ಮದು ಕಣಪ್ಪಾ. ಶಿವರಾತ್ರಿ ಕಳೆದ ಮೇಲೆ ಬಡಿದು ಉದುರಿಸಿದರು. ಹೆಂಗಸರು ಜಗಲಿ ಮೇಲೆ ಕೂತು ಓಡು ಒಡೆದು, ನಾರು ಎಳೆದು, ಬೀಜ ಬಿಡಿಸಿದರು. ಹಿಂದೂಪುರದ ಮಂಡಿ ಕಂಡು, ಲಾರಿ ಹತ್ತಿ ಇಲ್ಲಿಗೆ ಬಂದೆ. ಬಂದು ವರ್ಷ ಕಳೆಯಿತು, ಕಪ್ಪಾದೆ. ನನ್ನ ಜೊತೆಯಲ್ಲಿ ಬಂದ ಕೆಲವರು ಕೋಲ್ಡ್ ಸ್ಟೋರೇಜಿನಲ್ಲಿ ಕೂತು ಇನ್ನೂ ಕೆಂಪಗೆ ಹೊಳೀತಾ ಇದಾರೆ. ಬೆಲೆ ಅವರಿಗೆ ಜಾಸ್ತಿ. ಗೊಜ್ಜು ಕುದಿಸೋಕೆ ಕೂತಾಗ ಮಾತ್ರ ತಿಳಿದವರು ನನ್ನನ್ನೇ ಹುಡುಕ್ಕೊಂಡು ಬರ್ತಾರೆ.

ಪ್ರಶ್ನೆ: ಬೇಗಂ ಬಜಾರ್ ಒಗ್ಗಿದೆಯೇ?

ಹುಣಸಮ್ಮ: ಒಗ್ಗದೆ ಏನು? ಎರಡನೇ ಅಸಫ್‌ ಜಾ ನಿಜಾಮ್ ಅಲಿ ಖಾನನ ಬೇಗಂ, ಹುಮ್ದಾ ಬೇಗಂ, ವ್ಯಾಪಾರಿಗಳಿಗೆ ಅಂತ ಕೊಟ್ಟ ಜಾಗ ಇದು. ಆವತ್ತಿಂದ ಇಲ್ಲಿ ಕೊಡೋರು, ತಗೊಳ್ಳೋರು, ಹೊರೋರು, ಈ ಮೂರೇ ಜಾತಿ. ಇಲ್ಲಿ ಗೋಡಂಬಿ, ಅಲ್ಲಿ ಸ್ಟೀಲ್ ಪಾತ್ರೆ, ಆ ಕಡೆ ಮಸಾಲೆ. ಕಿವಿಗೆ ಮಾರ್ವಾಡಿ, ತೆಲುಗು, ದಖನಿ ಬೀಳ್ತದೆ, ನಡುನಡುವೆ ಕನ್ನಡಾನೂ ಬೀಳ್ತದೆ. 1956ಕ್ಕೆ ಮುಂಚೆ ಬೀದರ್, ಕಲಬುರಗಿ, ರಾಯಚೂರು ಎಲ್ಲಾ ಇದೇ ಹೈದರಾಬಾದ್ ರಾಜ್ಯದಲ್ಲಿ ಇದ್ದವಲ್ಲ? ರಾಜ್ಯ ಹಂಚಿದರು. ಕಿರಾಣಿ ಅಂಗಡಿಯವರ ಉದ್ರಿ ಖಾತೆ ಹಂಚೋಕೆ ಯಾರಿಂದಲೂ ಆಗಲಿಲ್ಲ.

ಪ್ರಶ್ನೆ: ವಿಷಯಕ್ಕೆ ಬರೋಣ. ನಮಗೆ ಬೇಕಾಗಿರುವುದು ಬಾರ್ಬೆಕ್ಯೂ ಸಾಸು. ಅದು ಅಮೆರಿಕದ್ದು. ತಮಗೆ ಅದರ ಪರಿಚಯ ಇರಲಿಕ್ಕಿಲ್ಲ...

ಹುಣಸಮ್ಮ: (ಜೋರಾಗಿ ನಕ್ಕು) ಪರಿಚಯವಾ? ಅದರ ಹೊಟ್ಟೆಯೊಳಗೇ ಇದೀನಿ! ಅಮೆರಿಕದವರು ಸಾಸಿಗೆ ಏನೇನು ಹಾಕ್ತಾರೆ ಕೇಳು: ಟೊಮೆಟೊ ಕೆಚಪ್, ವಿನೆಗರ್, ಕಾಕಂಬಿ, ಸಾಸಿವೆ, ಈರುಳ್ಳಿ, ಬೆಳ್ಳುಳ್ಳಿ, ಮೇಲೆ ಒಂದೆರಡು ಚಮಚ ವೂಸ್ಟರ್‌ಶೈರ್ ಸಾಸು. ಆ ವೂಸ್ಟರ್‌ಶೈರ್ ಸಾಸನ್ನು ಇಂಗ್ಲೆಂಡಿನಲ್ಲಿ ಲೀ ಆ್ಯಂಡ್ ಪೆರಿನ್ಸ್ ಅನ್ನೋರು 1837ರಿಂದ ಮಾರ್ತಾ ಇದಾರೆ. ಬಾಟಲಿ ತಿರುಗಿಸಿ ಓದು. ಹುಣಸೆ ಸಾರ ಇದೆ, ಅದು ನಾನು. ಪಕ್ಕದಲ್ಲೇ ಇನ್ನೊಬ್ಬ ಇದಾನೆ, ಯಾರು ಗೊತ್ತಾ? ಮೀನು. ಆಂಚೊವಿ ಅನ್ನೋ ಪುಟಾಣಿ ಮೀನು. ನಿಮ್ಮ ಅಪಾರ್ಟ್‌ಮೆಂಟಿನ ಶುದ್ಧ ಸಸ್ಯಾಹಾರಿಗಳು ಎಷ್ಟು ವರ್ಷದಿಂದ ಬಾರ್ಬೆಕ್ಯೂ ಸಾಸು ಚಪ್ಪರಿಸ್ತಾ ಇದಾರೋ ಕೇಳಿ ನೋಡು. ಆಮೇಲೆ ಆ ಕಡೆ ತಲೆಹಾಕಬೇಡ.

ಪ್ರಶ್ನೆ: ಹಾಗಾದರೆ ಅಮೆರಿಕದ ಅಸಲಿ ಸಾಸು ಯಾವುದು?

ಹುಣಸಮ್ಮ: ಅದನ್ನೇ ಅವರನ್ನ ಕೇಳಬೇಡ, ಮಾರಾಮಾರಿ ಆಗ್ತದೆ. ಕಾನ್ಸಾಸ್ ಸಿಟಿಯವರು ಟೊಮೆಟೊ, ಕಾಕಂಬಿ ಹಾಕಿ ಗಟ್ಟಿಗೆ ಮಾಡ್ತಾರೆ. ದಕ್ಷಿಣ ಕೆರೊಲೈನಾದಲ್ಲಿ ಸಾಸಿವೆಯದು. ಉತ್ತರ ಕೆರೊಲೈನಾದ ಪೂರ್ವದ ಕಡೆ ಟೊಮೆಟೊನೇ ಸೇರಿಸಲ್ಲ; ವಿನೆಗರ್, ಮೆಣಸಿನಕಾಯಿ, ಉಪ್ಪು, ಅಷ್ಟೇ. ಅಲಬಾಮಾದಲ್ಲಿ ಮೆಯೋನೈಸ್ ಹಾಕಿ ಬೆಳ್ಳಗಿನ ಸಾಸೇ ಮಾಡ್ತಾರೆ. ಅವರವರ ಊರಿನ ಹುಳಿ, ಅವರವರ ಊರಿನ ಸಿಹಿ. ಆ ಲೆಕ್ಕದಲ್ಲಿ ನಿಮ್ಮ ಪುಳಿಯೋಗರೆ ಗೊಜ್ಜೂ ಒಂದು ಬಾರ್ಬೆಕ್ಯೂ ಸಾಸೇ. ಹುಳಿ ಇದೆ, ಸಿಹಿ ಇದೆ, ಖಾರ ಇದೆ, ಗಟ್ಟಿ ಇದೆ. ಬಾಟಲಿಗೆ ಕೌಬಾಯ್ ಚಿತ್ರ ಅಂಟಿಸಿಲ್ಲ, ಅದೊಂದೇ ಕೊರತೆ.

ಪ್ರಶ್ನೆ: ಹೈದರಾಬಾದಿನವರು ಸುಡುವುದರಲ್ಲಿ ಹಳಬರಲ್ಲವೇ?

ಹುಣಸಮ್ಮ: ಇದೇ ಊರಿನ ಪತ್ಥರ್ ಕಾ ಗೋಷ್ತ್ ನೋಡು. ಗ್ರಾನೈಟ್ ಚಪ್ಪಡಿ ಕೆಂಡದ ಮೇಲೆ ಕಾಯಿಸಿ ಅದರ ಮೇಲೇ ಮಾಂಸ ಬೇಯಿಸ್ತಾರೆ. ಮಸಾಲೆ ಮುಂಚೆನೇ ಹಚ್ಚಿರ್ತಾರೆ, ಮೇಲೆ ನಿಂಬೆಹಣ್ಣು ಹಿಂಡ್ತಾರೆ. ಸಾಸಿನ ಮಾತೇ ಇಲ್ಲ. ಸುಟ್ಟದ್ದು ಚೆನ್ನಾಗಿದ್ದರೆ ಸಾಸು ಚಮಚದಲ್ಲಿ ಸಾಕು. ಸುಟ್ಟದ್ದು ಕೆಟ್ಟಾಗಲೇ ಸೌಟು ಬೇಕಾಗೋದು. ಎಲ್ಲಿ, ಆ ಪಟ್ಟಿ ಓದು.

ಪ್ರಶ್ನೆ: ಮೊದಲನೆಯದು ಸಕ್ಕರೆ ಕಾಯಿಲೆ. ಸಕ್ಕರೆ ಬೇಡ, ಬದಲಿಗೆ ಸಾವಯವ ಬೆಲ್ಲ ಹಾಕಿ ಎಂದಿದ್ದಾರೆ. ಇನ್ನೊಬ್ಬರು, ಬೇಗಂ ಬಜಾರಿಗೇ ಹೋಗುತ್ತೀರಲ್ಲ, ಒಳ್ಳೆಯ ಖರ್ಜೂರ ತನ್ನಿ, ‘ಶುಗರ್ ಫ್ರೀ’ ಸಾಸು ಮಾಡೋಣ ಎಂದಿದ್ದಾರೆ.

ಹುಣಸಮ್ಮ: ಅಯ್ಯೋ ನನ್ನಪ್ಪಾ! ಬೆಲ್ಲ ಅಂದರೆ ಮೈಯೆಲ್ಲ ಸಕ್ಕರೆ. ಒಣ ಖರ್ಜೂರದ ತೂಕದಲ್ಲಿ ಅರ್ಧಕ್ಕೂ ಮಿಕ್ಕಿ ಸಕ್ಕರೆ. ಸಾವಯವ ಅಂದ ಮಾತ್ರಕ್ಕೆ ರಕ್ತ ಅದನ್ನ ಬೇರೆ ಬಾಗಿಲಲ್ಲಿ ಒಳಗೆ ಬಿಟ್ಟುಕೊಳ್ಳುತ್ತಾ? ಇನ್ನೂ ಒಂದು ಗುಟ್ಟು ಹೇಳ್ತೀನಿ, ಬರ್ಕೊ. ನನ್ನ ತಿರುಳಲ್ಲೂ ಅರ್ಧಕ್ಕಿಂತ ಹೆಚ್ಚು ಸಕ್ಕರೆನೇ ಇರೋದು. ಬೇರೆ ಹಣ್ಣು ಮಾಗಿದಾಗ ಹುಳಿ ಇಳೀತದೆ; ನನ್ನೊಳಗಿನ ಟಾರ್ಟಾರಿಕ್ ಆಮ್ಲ ಮಾಗಿದರೂ ಇಳಿಯೋದಿಲ್ಲ. ಹಾಗಾಗಿ ಸಿಹಿ ಇದ್ದರೂ ನಾಲಿಗೆಗೆ ಗೊತ್ತಾಗಲ್ಲ. ಸಕ್ಕರೆ ಕಾಯಿಲೆಯವರು ನನ್ನನ್ನ ಚಮಚದಲ್ಲಿ ತಿನ್ನಲಿ, ಬೆಲ್ಲ ಸೇರಿಸದೆ ತಿನ್ನಲಿ. ಸಿಹಿ ಬೇಕೇ ಬೇಕು ಅಂದರೆ ಒಂದು ಚಿಟಿಕೆ ಸ್ಟೀವಿಯಾ.

ಪ್ರಶ್ನೆ: ಅಂಗಡಿ ಬಾಟಲಿಗಿಂತ ಬೆಲ್ಲ ವಾಸಿಯಲ್ಲವೇ?

ಹುಣಸಮ್ಮ: ಎರಡು ದೊಡ್ಡ ಚಮಚ ಸಾಸಿನಲ್ಲೇ ಮೂರು ಟೀ ಚಮಚಕ್ಕೂ ಮೇಲೆ ಸಕ್ಕರೆ ತುಂಬಿರೋ ಬಾಟಲಿಗಳು ಇವೆ, ನಿಜ. ಮನೆಯಲ್ಲಿ ಮಾಡಿದರೆ ಎಷ್ಟು ಹಾಕಿದೀವಿ ಅಂತ ಕಣ್ಣಿಗೆ ಕಾಣ್ತದೆ. ಇರೋ ಲಾಭ ಅದೊಂದೇ. ಆದರೆ ನಿಮ್ಮವರು ಏನು ಮಾಡ್ತಾರೆ? ಬೆಲ್ಲ ಒಳ್ಳೇದು ಅಂತ ಒಂದು ಅಚ್ಚು ಜಾಸ್ತಿ ಹಾಕ್ತಾರೆ, ಮನೆಯದ್ದು ಅಂತ ಒಂದು ಸೌಟು ಜಾಸ್ತಿ ಬಡಿಸ್ಕೊಳ್ತಾರೆ. ಲಾಭ ಅಲ್ಲಿಗೇ ಮುಗೀತು.

ಪ್ರಶ್ನೆ: ಎರಡನೆಯದು ಬಿ.ಪಿ. ಇದು ಸುಲಭ. ಕಡಿಮೆ ಸೋಡಿಯಂ ಇರುವ ಉಪ್ಪು ಹಾಕಿದರೆ ಆಯಿತು.

ಹುಣಸಮ್ಮ: ಆ ಪಟ್ಟಿಯಲ್ಲಿ ಮೂರನೆಯವರು ಯಾರು?

ಪ್ರಶ್ನೆ: ಕಿಡ್ನಿ.

ಹುಣಸಮ್ಮ: ಸಿಕ್ಕಿಬಿದ್ದೆ! ಕಡಿಮೆ ಸೋಡಿಯಂ ಉಪ್ಪು ಅಂದರೆ, ಸೋಡಿಯಂ ತೆಗೆದ ಜಾಗದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ತುಂಬಿರ್ತಾರೆ. ಕಿಡ್ನಿ ಸೋತವರ ಮೈಯಿಂದ ಪೊಟ್ಯಾಸಿಯಂ ಸರಿಯಾಗಿ ಹೊರಗೆ ಹೋಗಲ್ಲ. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತಕ್ಕೇ ಸಂಚಕಾರ. ಬಿ.ಪಿ.ಯವರ ಮದ್ದು ಕಿಡ್ನಿಯವರಿಗೆ ವಿಷ. ಟೊಮೆಟೊ ಕುದಿಸಿ ಗಟ್ಟಿ ಮಾಡಿದರೆ ಅದರಲ್ಲೂ ಪೊಟ್ಯಾಸಿಯಂ, ಬೆಲ್ಲದಲ್ಲೂ, ಕಾಕಂಬಿಯಲ್ಲೂ. ನನ್ನನ್ನೇ ತಗೋ, 100 ಗ್ರಾಂ ತಿರುಳಿನಲ್ಲಿ 600 ಮಿಲಿಗ್ರಾಂ ದಾಟ್ತದೆ. ಅವರ ತಟ್ಟೆಯಿಂದ ನಾನೇ ಎದ್ದು ಹೋಗ್ತೀನಿ. ಉತ್ತರ ಕೆರೊಲೈನಾದವರ ದಾರಿ ಹಿಡಿಯಿರಿ: ಬಿಳಿ ವಿನೆಗರ್, ಮೆಣಸು, ಅಷ್ಟೇ. ಬಿಳಿ ವಿನೆಗರ್‌ನಲ್ಲಿ ಪೊಟ್ಯಾಸಿಯಂ ಇಲ್ಲ ಅಂತಲೇ ಅನ್ನಬಹುದು. ಅದನ್ನೂ ಅವರ ಡಾಕ್ಟರನ್ನ ಕೇಳಿಯೇ ಕೊಡಿ. ನಾನು ಚೀಲದಲ್ಲಿ ಕೂತಿರೋ ಹಣ್ಣು, ನನ್ನ ಹತ್ತಿರ ಪ್ರಿಸ್ಕ್ರಿಪ್ಷನ್ ಬರೆಸ್ಕೊಬೇಡಿ.

ಪ್ರಶ್ನೆ: ಹಾಗಾದರೆ ಬಿ.ಪಿ.ಯವರಿಗೆ ಯಾವ ಉಪ್ಪು?

ಹುಣಸಮ್ಮ: ಉಪ್ಪೇ ಬೇಡ. ಹುಳಿ ಜೋರಾಗಿದ್ದ ಕಡೆ ಉಪ್ಪು ಕಡಿಮೆ ಆದರೂ ನಾಲಿಗೆ ತಕರಾರು ಎತ್ತಲ್ಲ. ದಿನಕ್ಕೆ 5 ಗ್ರಾಂ ಒಳಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿರೋದು ಇಡೀ ದಿನದ ಲೆಕ್ಕ, ಒಂದು ಸಾಸಿನದಲ್ಲ. ಇನ್ನೊಂದು, ಕೆಡದೆ ಇರಲಿ ಅಂತ ನನ್ನಂಥವರಿಗೆ ಉಪ್ಪು ಬೆರೆಸಿ ಮುದ್ದೆ ಕಟ್ಟೋ ರೂಢಿ ಇದೆ. ಕೊಳ್ಳುವಾಗ ಉಪ್ಪು ಹಾಕಿದ್ದಾ ಅಂತ ಕೇಳು. ಕೇಳಿದರೆ ನಮ್ಮ ಅಂಗಡಿ ಸೇಠ್ ಜಿ ಬೇಸರ ಮಾಡ್ಕೊಳ್ಳಲ್ಲ, ಬೆಲೆ ಕೇಳಿದಾಗ ಮಾಡ್ಕೊಳ್ತಾರೆ.

ಪ್ರಶ್ನೆ: ನಾಲ್ಕು, ಐದು ಒಟ್ಟಿಗೇ ಕೇಳಿಬಿಡುತ್ತೇನೆ. ಗ್ಲುಟೆನ್ ಆಗದವರು ಮತ್ತು ಜೈನರು. ಜೈನರಿಗೆ ಈರುಳ್ಳಿ, ಬೆಳ್ಳುಳ್ಳಿ ಬೇಡ, ಅದರ ಬದಲು ಘಮಕ್ಕೆ ಇಂಗು...

ಹುಣಸಮ್ಮ: ಮತ್ತೆ ಸಿಕ್ಕಿಬಿದ್ದೆ! ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗೋದು ಬೆರಕೆ ಇಂಗು. ಅಸಲಿ ಇಂಗಿಗೆ ಗೋಂದು, ಹಿಟ್ಟು ಕೂಡಿಸಿ ಮಾಡಿದ್ದು. ಆ ಹಿಟ್ಟು ಎಷ್ಟೋ ಸಲ ಗೋಧಿಯದೇ ಆಗಿರ್ತದೆ. ಸೀಲಿಯಾಕ್ ಕಾಯಿಲೆ ಇರೋರಿಗೆ ಅದು ಸಾಕು ಕರುಳು ಕೆಡೋಕೆ. ಅಕ್ಕಿಹಿಟ್ಟಿನಲ್ಲಿ ಮಾಡಿದ ಇಂಗೂ ಸಿಗ್ತದೆ, ಚೀಟಿ ಓದಿ ತಗೋಬೇಕು. ಸೋಯಾ ಸಾಸು ಸೇರಿಸೋಣ ಅಂತೀರಾ, ಅದರಲ್ಲಿ ಗೋಧಿ. ಮಾಲ್ಟ್ ವಿನೆಗರ್ ಅಂತೀರಾ, ಅದು ಬಾರ್ಲಿಯದು. ಅದೂ ಅಲ್ಲದೆ ಹುದುಗಿಸಿದ್ದು ಅಂತ ವಿನೆಗರ್ ಮುಟ್ಟದ ಜೈನರು ಬೇಕಾದಷ್ಟು ಜನ. ಹಸಿ ಶುಂಠಿ ಬೇಡ ಅಂದವರು ಒಣ ಶುಂಠಿ ಒಪ್ಪುತ್ತಾರೆ. ಇಲ್ಲಿನ ಗಲ್ಲಾಪೆಟ್ಟಿಗೆ ಮುಂದೆ ಕೂತು ಕೂತು ನಾನು ಅರ್ಧ ಜೈನಳೇ ಆಗಿದೀನಿ.

ಪ್ರಶ್ನೆ: ವೀಗನ್‌ನವರು ಬೆಣ್ಣೆ, ತುಪ್ಪ ಬೇಡ ಅಂದಿದ್ದಾರೆ. ಸಕ್ಕರೆ ಬಿಟ್ಟು ಜೇನು ಹಾಕಬಹುದಲ್ಲ?

ಹುಣಸಮ್ಮ: ವೀಗನ್‌ರಿಗೆ ಜೇನೂ ಬೇಡ, ಜೈನರಿಗೂ ಬೇಡ. ಸಕ್ಕರೆ ಕಾಯಿಲೆಯವರಿಗೆ ಅದೂ ಸಕ್ಕರೆನೇ. ಒಂದೇ ಹನಿಯಲ್ಲಿ ಮೂರು ಮನೆ ಮುನಿಸು ಕಟ್ಕೊಳ್ತೀಯ.

ಪ್ರಶ್ನೆ: ಶಾಕವ್ರತದವರು ಇದ್ದಾರೆ. ಕಾಚಿಗೂಡದ ಮಾಧ್ವ ಅಜ್ಜಿಯೊಬ್ಬರು.

ಹುಣಸಮ್ಮ: ಚಾತುರ್ಮಾಸ್ಯದ ಮೊದಲ ತಿಂಗಳು ನನಗೆ ಆ ಮನೆಗಳಲ್ಲಿ ಪ್ರವೇಶ ಇಲ್ಲ ಕಣಪ್ಪಾ. ತರಕಾರಿ ಇಲ್ಲ, ಮೆಣಸಿನಕಾಯಿ ಇಲ್ಲ, ಹುಣಸೆ ಇಲ್ಲ. ಹುಳಿಗೆ ಮಾವಿನದ್ದೇ ದರ್ಬಾರು, ಖಾರಕ್ಕೆ ಕಾಳುಮೆಣಸು, ಘಮಕ್ಕೆ ಜೀರಿಗೆ. ಎದುರಿನ ಅಂಗಡಿಯಲ್ಲಿ ಆಮ್‌ಚೂರ್ ಸಿಗ್ತದೆ, ಅವರಿಗೆ ಅದನ್ನೇ ಒಯ್ಯಿ. ಒಂದು ಕೇಳ್ತೀನಿ. ಶಾಕವ್ರತ ಹಿಡಿದ ಅಜ್ಜಿ ಕೋಳಿ ಸುಡೋ ಮಹಡಿಗೆ ಬರ್ತಾರಾ?

ಪ್ರಶ್ನೆ: ಬರುವುದಿಲ್ಲ. ಆದರೆ ಪಟ್ಟಿಯಲ್ಲಿ ಹೆಸರು ಬಿಟ್ಟರೆ ಬೇಸರ ಮಾಡಿಕೊಳ್ಳುತ್ತಾರೆ.

ಹುಣಸಮ್ಮ: ಸರಿ ಮತ್ತೆ. ಒಂದು ಪುಟ್ಟ ಬಟ್ಟಲು ಅವರ ಮನೆಗೇ ಹೋಗಲಿ. ಉಳಿದದ್ದು ಯಾರು?

ಪ್ರಶ್ನೆ: ಕೀಟೊ. ಹೆಸರು ಹಾಕಿದವರು ಸೋಮವಾರದಿಂದ ಶುರು ಮಾಡುತ್ತಾರಂತೆ.

ಹುಣಸಮ್ಮ: ಬಾರ್ಬೆಕ್ಯೂ ಭಾನುವಾರ. ಮುಂದಿನದು ಕೇಳು.

ಪ್ರಶ್ನೆ: ಇಷ್ಟು ಪಥ್ಯಗಳನ್ನು ನೋಡಿ ನಿಮಗೆ ಸಿಟ್ಟು ಬಂದಿಲ್ಲವೇ?

ಹುಣಸಮ್ಮ: ಪಥ್ಯದ ಮೇಲೆ ನನಗೆ ಸಿಟ್ಟಿಲ್ಲ. ಇಲ್ಲಿಂದ ಕಾಲ್ನಡಿಗೆ ದೂರ, ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆ ಆವರಣದಲ್ಲಿ ನಮ್ಮವಳೊಬ್ಬಳು ನಿಂತಿದಾಳೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರೇ ಕೊಚ್ಚಿಹೋದಾಗ ನೂರೈವತ್ತು ಜನ ಆ ಹುಣಸೆ ಮರ ಹತ್ತಿ ಜೀವ ಉಳಿಸಿಕೊಂಡರು ಅಂತಾರೆ. ಈಗಲೂ ಆ ದಿನ ಜನ ಬಂದು ಮರದ ಕೆಳಗೆ ನೆನೆಸಿಕೊಳ್ತಾರೆ. ಆ ನೆರೆಯಿಂದಲೇ ನಿಮ್ಮ ವಿಶ್ವೇಶ್ವರಯ್ಯನವರನ್ನ ನಿಜಾಮರು ಕರೆಸಿದ್ದು. ನೆರೆ ತಡೆಯೋಕೆ ಕಟ್ಟಿದ ಜಲಾಶಯಗಳು, ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ನಾನು ಹೇಳೋಕೆ ಹೊರಟಿದ್ದು ಇಷ್ಟು: ಆವತ್ತು ಮರ ಹತ್ತಿದವರಲ್ಲಿ ಒಬ್ಬರೂ ಇದು ಗ್ಲುಟೆನ್ ಫ್ರೀನಾ ಅಂತ ಕೇಳಲಿಲ್ಲ. ಪ್ರಾಣದ ಪ್ರಶ್ನೆ ಬಂದಾಗ ಕೊಂಬೆ ಸಾಕಾಗ್ತದೆ. ಹಾಗೇ ಕಿಡ್ನಿಯವರದು, ಸೀಲಿಯಾಕ್‌ನವರದು ಪ್ರಾಣದ ಪ್ರಶ್ನೆ, ಅವರು ಕೇಳಿದ್ದನ್ನ ಕೈಮುಗಿದು ಕೊಡಿ. ವ್ರತದವರದು ಮನಸ್ಸಿನ ಪ್ರಶ್ನೆ, ಅವರು ಹೇಳಿದ್ದನ್ನೂ ಕೊಡಿ. ಮೂರನೆಯದೊಂದು ಇದೆ: ಫೋನ್ ಹೇಳಿದ್ದು. ಈ ತಿಂಗಳು ಗೋಧಿ ಶತ್ರು, ಮುಂದಿನ ತಿಂಗಳು ಟೊಮೆಟೊ ಶತ್ರು. ಅದನ್ನೂ ಕಾಯಿಲೆಯ ಸಾಲಲ್ಲೇ ಕೂರಿಸಿದರೆ ಕಾಯಿಲೆ ಇರೋರ ಮಾತಿಗೆ ಬೆಲೆ ಹೋಗ್ತದೆ. ಗ್ಲುಟೆನ್ ಬೇಡ ಅಂತ ಹತ್ತು ಜನ ಸುಮ್ಮಸುಮ್ಮನೆ ಅಂದರೆ, ಹನ್ನೊಂದನೆಯವನ ಕರುಳಿನ ಕಷ್ಟವನ್ನು ಅಡುಗೆಯವನು ನಂಬಲ್ಲ.

ಪ್ರಶ್ನೆ: ಎಲ್ಲರಿಗೂ ಒಂದೇ ಸಾಸು ಸಾಧ್ಯವಿಲ್ಲವೇ ಹಾಗಾದರೆ?

ಹುಣಸಮ್ಮ: ಸಾಧ್ಯ. ಅದರ ಹೆಸರು ಬಿಸಿನೀರು.

ಪ್ರಶ್ನೆ: ತಮಾಷೆ ಬಿಡಿ. ಭಾನುವಾರಕ್ಕೆ ಏನು ಮಾಡಲಿ?

ಹುಣಸಮ್ಮ: ಬರ್ಕೊ. ಉಪ್ಪು ಬೆರೆಸದ ಹಳೆ ಹುಣಸೆಹಣ್ಣು 100 ಗ್ರಾಂ. ಎರಡು ಲೋಟ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಹಾಕಿ ಚೆನ್ನಾಗಿ ಕಿವುಚು, ಸೋಸು. ರಸ ಅರ್ಧಕ್ಕೆ ಇಳಿಯೋವರೆಗೂ ಸಣ್ಣ ಉರಿಯಲ್ಲಿ ಕುದಿಸು. ಕಾರ್ನ್‌ಫ್ಲೋರ್ ಬೇಡ, ನನ್ನೊಳಗಿನ ಪೆಕ್ಟಿನ್ನೇ ಗಟ್ಟಿ ಮಾಡ್ತದೆ. ಅವರು ಕಾಕಂಬಿ ಸುರಿದು ತರೋ ಕಪ್ಪು ಬಣ್ಣ ನನ್ನ ಮುಪ್ಪಿನಿಂದಲೇ ಬರ್ತದೆ. ಹುರಿದ ಜೀರಿಗೆ, ಕಾಳುಮೆಣಸು, ಒಣ ಶುಂಠಿ ಪುಡಿ ಹಾಕು. ಕೆಂಪಿಗೆ ಬ್ಯಾಡಗಿ ಮೆಣಸಿನ ಪುಡಿ, ಖಾರ ಕಡಿಮೆ, ಬಣ್ಣ ಜೋರು. ಹೊಗೆ ವಾಸನೆಗೆ ಬಾಟಲಿ ಕೊಳ್ಳಬೇಡ. ಪಾತ್ರೆ ನಡುವೆ ಪುಟ್ಟ ಸ್ಟೀಲ್ ಬಟ್ಟಲಿಟ್ಟು, ಅದರಲ್ಲಿ ಇದ್ದಲಿನ ಕೆಂಡ ಹಾಕಿ, ಮೇಲೆ ಒಂದು ಹನಿ ಎಣ್ಣೆ ಬಿಟ್ಟು ಮುಚ್ಚಿಡು. ಹೈದರಾಬಾದಿನವರು ತುಪ್ಪ ಬಿಡ್ತಾರೆ. ನಿನ್ನ ಪಟ್ಟಿಯಲ್ಲಿ ವೀಗನ್ ಇದಾರೆ, ಎಣ್ಣೆ ಸಾಕು.

ಪ್ರಶ್ನೆ: ಉಪ್ಪು, ಬೆಲ್ಲ, ಇಂಗು?

ಹುಣಸಮ್ಮ: ಅಲ್ಲೇ ಇರೋದು ಗುಟ್ಟು. ಆ ಮೂರನ್ನೂ ಪಾತ್ರೆಗೆ ಹಾಕಬೇಡ. ಮೂಲ ಗೊಜ್ಜು ಒಂದು, ಬಟ್ಟಲು ಬೇರೆ ಬೇರೆ. ಸಕ್ಕರೆ ಕಾಯಿಲೆಯವರದು ಹಾಗೇ ಇರಲಿ. ಬಿ.ಪಿ.ಯವರದಕ್ಕೆ ಬೇಕಾದರೆ ಬೆಲ್ಲ, ಉಪ್ಪು ಬೇಡ. ಜೈನರದಕ್ಕೆ ಇಂಗು, ಗ್ಲುಟೆನ್‌ನವರದಕ್ಕೆ ಇಂಗು ಬಿಟ್ಟು ಎಲ್ಲ. ಯಾವ ಪಥ್ಯವೂ ಇಲ್ಲದವರಿಗೆ ಈರುಳ್ಳಿ, ಬೆಳ್ಳುಳ್ಳಿ ಹುರಿದು ಹಾಕು. ಕಿಡ್ನಿಯವರಿಗೆ ವಿನೆಗರ್ರು, ಅಜ್ಜಿಗೆ ಆಮ್‌ಚೂರು, ಇವೆರಡೂ ಬೇರೆ ಪಾತ್ರೆ, ಬೇರೆ ಚಮಚ. ಚಮಚ ಮರೆತೆಯೋ, ಲೇಬಲ್ ಎಷ್ಟು ಚಂದ ಅಂಟಿಸಿದರೂ ದಂಡ. ಮತ್ತೆ, ಬೆಲ್ಲ ಬಿದ್ದ ಸಾಸನ್ನು ಮೊದಲೇ ಸವರಿ ಕೆಂಡದ ಮೇಲೆ ಇಡಬೇಡ, ಸಿಹಿ ಸುಟ್ಟು ಕಹಿ ಆಗ್ತದೆ. ಇಳಿಸೋಕೆ ನಾಲ್ಕೈದು ನಿಮಿಷ ಇರುವಾಗ ಸವರು.

ಪ್ರಶ್ನೆ: ಪಾತ್ರೆ? ಇಲ್ಲೇ ಪಾತ್ರೆ ಅಂಗಡಿಗಳಿವೆ. ಹಿತ್ತಾಳೆಯ ಉರುಳಿ ನೋಡಿದೆ, ಸೊಗಸಾಗಿದೆ. ಫೋಟೊಗೂ ಚೆನ್ನಾಗಿ ಬರುತ್ತದೆ.

ಹುಣಸಮ್ಮ: ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ನನ್ನನ್ನ ಕುದಿಸಿದರೆ ತಾಮ್ರ ಬಿಟ್ಕೊಳ್ತದೆ. ಆಮೇಲೆ ನಿನ್ನ ಎಂಟು ಪಥ್ಯದವರೂ ಒಂದೇ ವಾರ್ಡಲ್ಲಿ ಸಿಗ್ತಾರೆ. ಸ್ಟೀಲ್ ತಗೋ.

ಪ್ರಶ್ನೆ: ಕೊನೆಯದಾಗಿ, ಓದುಗರಿಗೆ ನಿಮ್ಮ ಸಂದೇಶ?

ಹುಣಸಮ್ಮ: ಸಂದೇಶ ಕೊಡೋಕೆ ನಾನೇನು ಮಠಾಧಿಪತಿಯಾ? ತಕರಾರು ಒಂದಿದೆ, ಅದನ್ನ ಹಾಕು. ಪಥ್ಯ ಮಾಡಬೇಕಾದ್ದು ತಿನ್ನೋರು. ನೀವು ಅದನ್ನ ಬಾಟಲಿಯ ತಲೆ ಮೇಲೆ ಹೇರ್ತೀರಿ. ಸಾಸು ಉಪವಾಸ ಇರಬೇಕು, ತಿನ್ನೋರು ಮೂರು ಸಲ ಬಡಿಸ್ಕೊಬೇಕು. ಡಾಕ್ಟರು ‘ಕಡಿಮೆ’ ಅಂದದ್ದನ್ನ ನಿಮ್ಮ ಕಿವಿ ‘ಬೇರೆ’ ಅಂತ ಕೇಳಿಸ್ಕೊಳ್ತದೆ. ಸಕ್ಕರೆ ಕಡಿಮೆ ಮಾಡಿ ಅಂದರೆ ಬೇರೆ ಸಕ್ಕರೆ ತರ್ತೀರಿ, ಉಪ್ಪು ಕಡಿಮೆ ಮಾಡಿ ಅಂದರೆ ಬೇರೆ ಉಪ್ಪು ತರ್ತೀರಿ. ಅದರಿಂದ ನಮ್ಮ ಬೇಗಂ ಬಜಾರಿಗೇನೋ ನಷ್ಟ ಇಲ್ಲ. ಕಡಿಮೆ ತಿನ್ನೋರಿಂದ ಯಾವ ಸೇಠ್ ಜಿಯೂ ಮಹಡಿ ಮನೆ ಕಟ್ಟಿಸಲಿಲ್ಲ.

ಪ್ರಶ್ನೆ: ಹಾಗಾದರೆ ಕಾಲು ಕಿಲೋ ಹುಣಸೆಹಣ್ಣು ಕಟ್ಟಿಸಲೇ?

ಹುಣಸಮ್ಮ: ಮೆಲ್ಲಗೆ ಮಾತಾಡಪ್ಪಾ, ಸೇಠ್ ಜಿ ಕೇಳಿಸಿಕೊಂಡಾರು! ಇದು ಸಗಟು ಅಂಗಡಿ, ಕಾಲು ಕಿಲೋಗೆ ಇಲ್ಲಿ ತಕ್ಕಡಿ ಏಳಲ್ಲ. ಐದು ಕಿಲೋ ಒಯ್ಯಿ. ಎಂಟು ಪಥ್ಯದವರೂ ಚಮಚದ ಲೆಕ್ಕದಲ್ಲಿ ತಿಂದು ಮುಗಿಸಿದ ಮೇಲೆ ನಾಲ್ಕೂ ಮುಕ್ಕಾಲು ಕಿಲೋ ಉಳೀತದೆ. ಆ ಹಿತ್ತಾಳೆ ಉರುಳೀನೂ ಕೊಂಡ್ಕೊಂಡು ಹೋಗು. ವಾರಕ್ಕೊಂದು ಸಲ ನನ್ನನ್ನ ಹಾಕಿ ತಿಕ್ಕಿ ಬೆಳಗು. ನಿಮ್ಮ ಇಡೀ ಅಪಾರ್ಟ್‌ಮೆಂಟಿನಲ್ಲಿ ಯಾವ ಡಯಟ್ಟೂ ಇಲ್ಲದ್ದು ಅದೊಂದೇ ಆಗಿರ್ತದೆ.